ಗದ್ದೆಗೂ ನಿದ್ದೆ ಬೇಕೆಂದ ಊರು

ಜಪಾನಿಗೆ ಹೋಗಿದ್ದೆ ಎಂದ ಕೂಡಲೇ ಎಲ್ಲರೂ ಕೇಳುವುದು ಬುಲೆಟ್ ಟ್ರೈನಿನ ವಿಷಯ. ನಾನು ಅದನ್ನು ನೋಡಿದ್ದು ಒಂದೇ ಸಲ, ಅದೂ ಸೇತುವೆಯ ಕೆಳಗಿನಿಂದ. ತಲೆ ಎತ್ತುವಷ್ಟರಲ್ಲಿ ಹೋಗಿಬಿಟ್ಟಿತ್ತು. ಆಮೇಲೆ ಚೆರಿ ಹೂವು ಹೇಗಿತ್ತು ಎನ್ನುತ್ತಾರೆ. ನಾವು ಹೋದದ್ದು ಮಳೆಗಾಲದಲ್ಲಿ, ಮರದ ತುಂಬ ಎಲೆ ಇತ್ತು, ಅಷ್ಟೇ. ಹೀಗೆ ನೋಡಲೇಬೇಕಾದ್ದನ್ನೆಲ್ಲ ತಪ್ಪಿಸಿಕೊಂಡು ಬಂದವಳು ನಾನು, ಅ ವೆರಿ ಪೂರ್ ಟೂರಿಸ್ಟ್. ಆ ದೇಶದಲ್ಲಿ ನಾನು ಮನಸ್ಸಿಟ್ಟು ನೋಡಿದ್ದು ಒಂದು ಓಣಿ, ಒಂದು ಗದ್ದೆ, ಒಂದು ಬೀದಿದೀಪ. ಅದನ್ನೇ ಬರೆಯುತ್ತೇನೆ.

ಉಪ್ಪಾರಹಳ್ಳಿ

ನಮ್ಮ ಯಜಮಾನರು ಪುಟ್ಟಸ್ವಾಮಿ ತುಮಕೂರಿನ ವಾಚ್ ಫ್ಯಾಕ್ಟರಿಯಲ್ಲಿ ಇಂಜಿನಿಯರಾಗಿದ್ದರು. ಹುಟ್ಟೂರು ಗುಬ್ಬಿ. ಎಂಬತ್ತರ ದಶಕದಲ್ಲಿ ಒಂದು ವರ್ಷ ಅವರನ್ನು ಕೆಲವು ತಿಂಗಳ ಟ್ರೈನಿಂಗಿಗೆಂದು ಜಪಾನಿಗೆ ಕಳಿಸಿದರು. ನಮಗೆ ಮಕ್ಕಳಿರಲಿಲ್ಲ. ನನ್ನನ್ನು ಬಿಟ್ಟು ಹೋಗಲು ಅವರಿಗೆ ಮನಸ್ಸಾಗಲಿಲ್ಲ, ಬಿಟ್ಟು ಹೋಗಿ ಎನ್ನಲು ನನಗೂ ಮನಸ್ಸಾಗಲಿಲ್ಲ. ಇಬ್ಬರೂ ಹೊರಟೆವು.

ಹೊರಡುವಾಗ ಅವರಿಗಿದ್ದ ದೊಡ್ಡ ಚಿಂತೆ ಬೀದಿದೀಪದ್ದು. ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಯ ಮುಂದಿನ ಕಂಬದಲ್ಲಿ ಎದೆಯೆತ್ತರಕ್ಕೆ ಒಂದು ತಗಡಿನ ಪೆಟ್ಟಿಗೆ ಇತ್ತು. ಅದರೊಳಗೆ ಇಡೀ ಬೀದಿಯ ದೀಪಗಳ ಸ್ವಿಚ್ಚು. ಲೈನ್‌ಮನ್ ದಿನಾ ಸಂಜೆ ಬಂದು ಹಾಕಬೇಕು, ಬೆಳಿಗ್ಗೆ ಬಂದು ಆರಿಸಬೇಕು. ಅವನ ಕೈಯಲ್ಲಿ ಇಂಥ ಬೀದಿಗಳು ಎಷ್ಟೋ. ಒಂದು ದಿನ ಗೇಟಿನ ಹತ್ತಿರ ನಿಂತು, “ಸಾರ್, ನಿಮ್ ಮನೆ ಮುಂದ್ಲೇ ಐತಲ್ಲ, ಒಸಿ ನೀವೇ ಹಾಕ್ಬುಡಿ” ಎಂದ. ಅವತ್ತಿನಿಂದ, ಮುಸ್ಸಂಜೆ ನಾನು ಒಳಗೆ ದೇವರ ಮುಂದೆ ದೀಪ ಹಚ್ಚಿದರೆ ಇವರು ಹೊರಗೆ ಬೀದಿಗೆ ಹಚ್ಚುತ್ತಿದ್ದರು. ಬೀದಿಯ ಮಕ್ಕಳು ಇವರನ್ನು ಲೈಟ್ ಅಂಕಲ್ ಎಂದೇ ಕರೆಯುತ್ತಿದ್ದರು. ಪ್ರಮೋಷನ್ ಬಂದಾಗಲೂ ಇವರ ಮುಖದಲ್ಲಿ ಅಷ್ಟು ಹೆಮ್ಮೆ ನಾನು ನೋಡಿರಲಿಲ್ಲ.

ಎದುರು ಮನೆಯಲ್ಲಿ ಖಲೀಲ್ ಸಾಹೇಬರಿದ್ದರು. ಮಂಡಿಪೇಟೆಯಲ್ಲಿ ಅವರದು ಬಳೆ ಅಂಗಡಿ. ಇವರು ಅವರನ್ನು ಕಂಬದ ಹತ್ತಿರ ಕರೆದೊಯ್ದು ಚಾರ್ಜು ಒಪ್ಪಿಸಿದರು.

“ಕತ್ತಲಾಗೋಕೆ ಮುಂಚೇನೇ ಹಾಕ್ಬೇಕು ಸಾಹೇಬ್ರೆ. ಮರೀಬಾರ್ದು.”

“ನೀವ್ ಆರಾಮಾಗಿ ಹೋಗ್ಬನ್ನಿ ಸಾರ್. ಸೂರ್ಯ ಲೇಟ್ ಮಾಡಿದ್ರೂ ನಾನ್ ಲೇಟ್ ಮಾಡಲ್ಲ.”

ಹುತ್ರಿದುರ್ಗದ ದಾರಿ

ದೂರ ಹೋಗುವವರು ಹಿರಿಯರಿಗೆ ಹೇಳಿ ಹೋಗಬೇಕು. ಇವರಿಗೆ ಹಿರಿಯರೆಂದು ಉಳಿದಿದ್ದವರು ಅಕ್ಕ ಒಬ್ಬರೇ. ಜಯಕ್ಕನನ್ನು ಕೊಟ್ಟಿದ್ದು ಕುಣಿಗಲ್ಲಿನಿಂದ ಹುತ್ರಿದುರ್ಗಕ್ಕೆ ಹೋಗುವ ದಾರಿಯ ಒಂದು ಹಳ್ಳಿಗೆ. ಗಂಡ ತೀರಿಕೊಂಡ ಮೇಲೆ ಅವರ ಪಾಲಿಗೆ ಉಳಿದದ್ದು ರಸ್ತೆಯ ಉದ್ದಕ್ಕೆ ಅಂಟಿಕೊಂಡ ಒಂದು ಸಣ್ಣ ತಾಕು. ಅದರಲ್ಲಿ ಜಯಕ್ಕ ಅವರೆ ಬಿತ್ತುತ್ತಿದ್ದರು.

ಜಯಕ್ಕನ ಕೈಗುಣ ಆ ಊರಲ್ಲೆಲ್ಲ ಹೆಸರಾಗಿತ್ತು. ಯಾರ ಹಿತ್ತಲಲ್ಲಿ ಕುಂಬಳ ಹಾಕಲಿ, ಹೀರೆ ಹಾಕಲಿ, ಮೊದಲ ಬೀಜ ಊರಲು ಇವರನ್ನು ಕರೆಯುತ್ತಿದ್ದರು. ಆದರೆ ಗಂಡ ಹೋದ ಮೇಲಿನ ಎರಡು ಫಸಲು ಅವರೆ ಕೈಕೊಟ್ಟಿತ್ತು. ಗಿಡ ಸೊಂಪಾಗಿ ಬೆಳೆಯುತ್ತಿತ್ತು, ಎಲೆ ಅಂಗೈ ಅಗಲ. ಹೂವಿಲ್ಲ. ಸುತ್ತಲಿನ ಹೊಲಗಳಲ್ಲಿ ಅವರೆಯ ಸೊಗಡು ಮೂಗಿಗೆ ಹೊಡೆಯುತ್ತಿದ್ದ ಕಾಲಕ್ಕೂ ಇವರ ತಾಕು ಬರಿಯ ಹಸಿರು. ಗಂಡ ಹೋದ, ಕೈಗುಣವೂ ಹೋಯಿತು ಎಂದು ಊರಲ್ಲಿ ಆಡಿಕೊಂಡರು.

ಅವರ ಮೈದುನ ಹೊನ್ನಪ್ಪ ಜಗಲಿಯ ಮೇಲೆ ಕೂತು ನಮ್ಮ ಯಜಮಾನರಿಗೆ ಮರ್ಯಾದೆಯಿಂದಲೇ ಹೇಳಿದ:

“ಈ ಸಲ ಒಂದ್ ನೋಡ್ತೀನಿ ಭಾವ. ಸಂಕ್ರಾಂತಿಗೆ ಕಾಯಿ ಕಾಣ್ನಿಲ್ಲ ಅಂದ್ರೆ ಯುಗಾದಿಗೆ ನಾನೇ ನೇಗ್ಲು ಕಟ್ತೀನಿ. ಅತ್ಗೆಗೆ ಊಟಕ್ಕೇನೂ ಕಮ್ಮಿ ಮಾಡಲ್ಲ. ಭೂಮಿ ಸುಮ್ನೆ ಬೀಳ್ಬಾರ್ದು ನೋಡಿ.”

ಒಳಗೆ ಜಯಕ್ಕ ರೊಟ್ಟಿ ತಟ್ಟುತ್ತಿದ್ದರು. ಮಾತು ಕೇಳಿಸಿತ್ತು.

“ಅವ್ನು ಕೆಟ್ಟೋನಲ್ಲ ಕಣವ್ವ,” ಎಂದರು. “ನಂಗೇ ಈಗ ಬೀಜ ಮುಟ್ಟಕ್ಕೆ ಭಯ. ಮೊನ್ನೆ ಪಕ್ಕದ ಮನೇಲಿ ಹೀರೆ ಹಾಕುದ್ರು. ನಾನು ಬಾಗ್ಲಲ್ಲೇ ನಿಂತಿದ್ದೆ. ಕರೀನಿಲ್ಲ.”

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಂಡೋಲೆನ್ಸ್ ಪತ್ರ ಬರೆಯುವುದನ್ನು ಕಲಿಸಿದ್ದರು, ಇಂಥದ್ದಕ್ಕೆ ಏನನ್ನೂ ಕಲಿಸಿರಲಿಲ್ಲ. ಅವರೇ ಮಾತು ತಿರುಗಿಸಿದರು.

“ಸುಸೀಲ, ಆ ಜಪಾನ್‌ನಾಗೆ ಅವರೆಕಾಳು ಸಿಕ್ತದಾ?”

“ಇಲ್ಲ ಅನ್ಸುತ್ತೆ ಅಕ್ಕ.”

“ಮತ್ತೆ ಚಳಿಗಾಲದಾಗೆ ಏನ್ ತಿಂದು ಬದುಕ್ತಾರೆ ಪಾಪ?”

ಮುಸ್ಸಂಜೆ ನಮ್ಮನ್ನು ಬಸ್ಸಿಗೆ ಬಿಡಲು ಬಂದರು. ಅವರ ತಾಕಿನ ಬದುವಿನ ಮೇಲೆಯೇ ಕಂಬ ನೆಟ್ಟು ಪಂಚಾಯ್ತಿಯವರು ಎರಡು ವರ್ಷದ ಹಿಂದೆ ದೊಡ್ಡ ಮರ್ಕ್ಯುರಿ ಲೈಟು ಹಾಕಿಸಿದ್ದರು. ಅದು ಮೆಲ್ಲಗೆ ಹತ್ತಿಕೊಂಡಿತು, ಹೊಲವೆಲ್ಲ ಹಾಲು ಚೆಲ್ಲಿದ ಹಾಗಾಯಿತು. “ಇದೊಂದು ಚೆನ್ನಾಗಿ ಮಾಡವ್ರೆ,” ಎಂದರು ಜಯಕ್ಕ. ಯಜಮಾನರೂ ಕತ್ತೆತ್ತಿ ನೋಡಿ ಮೆಚ್ಚಿದರು. ಲೈಟಿನ ಮನುಷ್ಯ, ಮೆಚ್ಚದೆ ಇರುತ್ತಾರೆಯೇ.

ಕಣಿವೆಯ ಊರು

ಜಪಾನಿನಲ್ಲಿ ನಾವಿದ್ದ ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಸಂಕೋಚದ ಜನ, ದೂರದಲ್ಲಿ ಯಾರೋ ತಮ್ಮ ಬಗ್ಗೆ ಬರೆದರೆಂದು ಗೊತ್ತಾದರೆ ಅದಕ್ಕೂ ಬಗ್ಗಿ ಕ್ಷಮೆ ಕೇಳಿಯಾರು. ಸುತ್ತ ಬೆಟ್ಟ, ನಡುವೆ ಹೊಳೆ, ಹೊಳೆಯ ಎರಡೂ ಕಡೆ ಗದ್ದೆ. ವಾಚಿನ ಬಿಡಿಭಾಗ ಮಾಡುವ ಕಾರ್ಖಾನೆ ಗದ್ದೆಗಳ ನಡುವೆಯೇ ಇತ್ತು. ನಮ್ಮ ಕಡೆ ಫ್ಯಾಕ್ಟರಿ ಬಂದಲ್ಲಿ ಮೊದಲು ಹೊಲ ಹೋಗುತ್ತದೆ, ಆಮೇಲೆ ಟೀ ಅಂಗಡಿ ಬರುತ್ತದೆ. ಇಲ್ಲಿ ಕಾಂಪೌಂಡಿನ ಬೇಲಿಗೆ ಪೈರು ತಾಗುತ್ತಿತ್ತು, ಟೀ ಅಂಗಡಿ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ.

ಟ್ರೈನಿನಿಂದ ಇಳಿದವರೇ ಯಜಮಾನರು ಸ್ಟೇಷನ್ನಿನ ಗಡಿಯಾರ ನೋಡಿ, ತಮ್ಮ ಕೈಗಡಿಯಾರ ನೋಡಿ, “ಸರಿಯಾಗಿದೆ” ಎಂದರು. ಯಾವುದು ಸರಿಯಾಗಿದೆ ಎಂದು ನಾನು ಕೇಳಲಿಲ್ಲ.

ಸಂಜೆಯಾದರೆ ಊರಿನ ಮೈಕಿನಲ್ಲಿ ಒಂದು ಇಂಪಾದ ಟ್ಯೂನು ಬರುತ್ತಿತ್ತು. ಮೊದಲ ದಿನ ಎಲ್ಲೋ ಮದುವೆ ಇರಬೇಕು ಎಂದುಕೊಂಡೆ. ಮಾರನೆಯ ದಿನವೂ ಬಂತು, ಅದರ ಮಾರನೆಯ ದಿನವೂ ಬಂತು. ಟ್ಯೂನು ಕೇಳಿದ ಕೂಡಲೇ ಮಕ್ಕಳು ಆಟ ಬಿಟ್ಟು ಮನೆಗೆ ಓಡುವುದನ್ನು ನೋಡಿದ ಮೇಲೆ ಅರ್ಥವಾಯಿತು. ತಾಯಂದಿರು ಗಂಟಲು ಹರಿದುಕೊಂಡು “ಬರ್ರೋ ಒಳಗೆ” ಎನ್ನುವ ಬದಲು ಅಲ್ಲಿಯ ಟೌನ್ ಆಫೀಸು ಮಾಡಿಕೊಂಡಿದ್ದ ಏರ್ಪಾಡು ಅದು. ಉಪ್ಪಾರಹಳ್ಳಿಯ ತಾಯಂದಿರ ಗಂಟಲುಗಳನ್ನು ನೆನೆದು ನನಗೆ ಹೊಟ್ಟೆಕಿಚ್ಚಾಯಿತು.

ನಮಗೆ ಕೊಟ್ಟಿದ್ದ ಪುಟ್ಟ ಮನೆ ಒಂದು ಓಣಿಯ ಕೊನೆಯಲ್ಲಿತ್ತು. ಪಕ್ಕದಲ್ಲಿ ಒಂದೇ ಮನೆ, ಎದುರಿಗೆ ಗದ್ದೆ, ಗದ್ದೆಯ ಮೂಲೆಗೆ ಒಂದು ಲೈಟುಕಂಬ. ಬಂದ ದಿನ ಕತ್ತಲಾಯಿತು, ಲೈಟು ಹತ್ತಲಿಲ್ಲ. ಯಜಮಾನರು ಕಿಟಕಿಯಲ್ಲಿ ನಿಂತು ಚಡಪಡಿಸಿದರು.

“ಇಲ್ಲೂ ನಮ್ಮ ಲೈನ್‌ಮನ್ ಥರದೋನು ಇದಾನೆ ನೋಡು,” ಎಂದರು. ಚಪ್ಪಲಿ ಮೆಟ್ಟಿಕೊಂಡು ಹೋದರು. ಕಂಬದಲ್ಲಿ ಬೂದುಬಣ್ಣದ ಒಂದು ಪುಟ್ಟ ಪೆಟ್ಟಿಗೆ ಇತ್ತಂತೆ, ಅದರೊಳಗೆ ಸ್ವಿಚ್ಚೂ ಇತ್ತಂತೆ. ಟಕ್ ಎಂದಿತು. ಓಣಿ ಬೆಳಗಿತು. ಒಳಗೆ ಬಂದಾಗ ಅವರ ಮುಖದಲ್ಲಿ ಹುಟ್ಟೂರಿಗೆ ಬಂದಂಥ ಕಳೆ.

ಬೆಳಿಗ್ಗೆ ನೋಡಿದರೆ ದೀಪ ತಾನಾಗಿ ಆರಿತ್ತು. “ಆಟೋಮ್ಯಾಟಿಕ್,” ಎಂದರು ಇವರು. “ಹಾಕೋದು ಮನುಷ್ಯ, ಆರ್ಸೋದು ಮೆಷಿನ್ನು. ಜಪಾನ್ ಅಂದ್ರೆ ಜಪಾನ್.” ಅವತ್ತಿನಿಂದ ದಿನಾ ಸಂಜೆ ಆ ದೀಪ ಹಾಕುವ ಕೆಲಸ ಇವರದೇ ಆಯಿತು.

ಬಾಗಿಲಲ್ಲಿ ಬದನೆಕಾಯಿ

ಮಾರನೆಯ ದಿನ ಬಾಗಿಲು ತೆಗೆದರೆ ಹೊಸಲಿನ ಮುಂದೆ ಒಂದು ಬಿದಿರಿನ ಬುಟ್ಟಿ. ಅದರ ತುಂಬ ಎಳೆ ಬದನೆಕಾಯಿ. ಯಾರೂ ಇಲ್ಲ. ಪಕ್ಕದ ಮನೆಯ ಅಜ್ಜಿ, ಅವರ ಮನೆತನದ ಹೆಸರೇ ಮೋರಿ, ತಮ್ಮ ಬೇಲಿಯ ಆಚೆ ಬಗ್ಗಿ ನಮಸ್ಕರಿಸುತ್ತಿದ್ದರು. ಗದ್ದೆ ಅವರದು. ಮುಖದ ತುಂಬ ನಗು, ಒಂದು ಹಲ್ಲಿಗೆ ಚಿನ್ನ.

“ನೋಡಿದ್ಯಾ, ಲೈಟ್ ಹಾಕಿದ್ದಕ್ಕೆ ಥ್ಯಾಂಕ್ಸು,” ಎಂದರು ಯಜಮಾನರು.

ಆ ದಿನ ಎಣ್ಣೆಗಾಯಿ ಮಾಡಿದೆ. ತಂದ ಬುಟ್ಟಿಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಗುಬ್ಬಿಯಿಂದ ಕಟ್ಟಿಕೊಂಡು ಹೋಗಿದ್ದ ಕೊಬ್ಬರಿಯಲ್ಲಿ ಒಂದಷ್ಟು ಮಿಠಾಯಿ ಮಾಡಿ ಇಟ್ಟು ಕೊಟ್ಟೆ. ಮೋರಿ ಅಜ್ಜಿ ಮೊದಲಿಗಿಂತ ಆಳವಾಗಿ ಬಗ್ಗಿದರು. ತಂದದ್ದನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ಅವರಲ್ಲೂ ಇರಲಿಲ್ಲ. ಮಾರನೆಯ ದಿನ ಸೌತೆಕಾಯಿ ಬಂತು. ನಾನು ಚಕ್ಕುಲಿ ಕೊಟ್ಟೆ. ಅವರು ಟೊಮೇಟೊ ಕೊಟ್ಟರು. ನಾನು ನಿಪ್ಪಟ್ಟು ಕೊಟ್ಟೆ. ಭಾಷೆ ಬಾರದ ಇಬ್ಬರು ಹೆಂಗಸರು ಬುಟ್ಟಿಯ ಮೂಲಕವೇ ಜಗಳಕ್ಕೆ ಬಿದ್ದವರ ಹಾಗೆ ಸ್ನೇಹ ಮಾಡಿದೆವು.

ಒಂದು ವಿಷಯ ಮಾತ್ರ ನನಗೆ ಒಗಟಾಗಿತ್ತು. ಮೋರಿ ಅಜ್ಜಿ ಎಷ್ಟೋ ಸಂಜೆ ನಮ್ಮ ಗೇಟಿನವರೆಗೆ ಬರುತ್ತಿದ್ದರು. ಏನೋ ಹೇಳುವವರ ಹಾಗೆ ಬಾಯಿ ತೆರೆಯುತ್ತಿದ್ದರು. ಕಂಬದ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, ಹಲ್ಲಿನ ನಡುವೆ ಸುಯ್ಯೆಂದು ಗಾಳಿ ಎಳೆದುಕೊಂಡು, ಕೈಯಲ್ಲಿದ್ದ ಬದನೆಕಾಯಿ ಕೊಟ್ಟು ಹೋಗಿಬಿಡುತ್ತಿದ್ದರು. ಶಿ ಇಸ್ ಶೈ, ಎಂದುಕೊಂಡೆ. ಬದನೆಕಾಯಿಗಳು ಹೆಚ್ಚುತ್ತಲೇ ಹೋದವು. ಎಣ್ಣೆಗಾಯಿ, ಗೊಜ್ಜು, ವಾಂಗಿಭಾತು ಎಲ್ಲ ಮುಗಿಸಿ ನಾನು ಕೊನೆಗೆ ಬದನೆಕಾಯಿ ಉಪ್ಪಿನಕಾಯಿಗೂ ಕೈಹಾಕಿದೆ.

ಬೇರೆ ಓಣಿಗಳ ದೀಪಗಳನ್ನು ನಾನು ನೋಡಿದ್ದೆ. ಗದ್ದೆ ಇದ್ದ ಕಡೆಗೆಲ್ಲ ಅವಕ್ಕೆ ಕಪ್ಪು ತಗಡಿನ ಮರೆ ಇತ್ತು, ಕುದುರೆಯ ಕಣ್ಣಿಗೆ ಕಟ್ಟುವ ಪಟ್ಟಿಯಂತೆ. ಕೆಲವು ಕಂಬಗಳು ಕತ್ತಲಲ್ಲೇ ನಿಂತಿದ್ದವು. ಇಷ್ಟು ಶ್ರೀಮಂತ ದೇಶಕ್ಕೆ ಬಲ್ಬಿಗೇನು ಬಡತನ ಎಂದು ಇಬ್ಬರೂ ಮಾತಾಡಿಕೊಂಡೆವು, ಅಷ್ಟೇ.

ನಿದ್ದೆಗೆಟ್ಟ ಮೂಲೆ

ಅಲ್ಲಿ ಮಳೆಗಾಲದ ಮೇಲೆ ಬರುವ ಬೇಸಿಗೆ ಕಳೆಯುತ್ತ ಬಂದಾಗ ಮೋರಿ ಅಜ್ಜಿಯ ಸೊಸೆ ಯೋಕೊ ನಮ್ಮ ಮನೆಗೆ ಬಂದಳು. ಬೇರೆ ಊರಿನ ಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು, ರಜೆಗೆ ಬಂದಿದ್ದವಳು. ಹಿಂದೆ ಅಜ್ಜಿ. ಇಬ್ಬರೂ ಚಾಪೆಯ ಮೇಲೆ ಕೂತು ಹಣೆ ನೆಲಕ್ಕೆ ತಾಗುವಂತೆ ನಮಸ್ಕರಿಸಿದರು. ನನಗೆ ಗಾಬರಿಯಾಯಿತು. ಯಾರೋ ಹೋಗಿಬಿಟ್ಟರೇನೋ ಎಂದುಕೊಂಡೆ.

ಯೋಕೊ ಬಹಳ ಹೊತ್ತು ಹವೆಯ ವಿಷಯ ಮಾತಾಡಿದಳು. ಕೊಬ್ಬರಿ ಮಿಠಾಯಿಯನ್ನು ಹೊಗಳಿದಳು. ಕಡೆಗೆ ಕಣ್ಣು ಮುಚ್ಚಿಕೊಂಡು, ಸ್ಕೂಲಿನ ಇಂಗ್ಲಿಷಿನಲ್ಲಿ ಒಂದೊಂದೇ ಪದ ಇಟ್ಟಳು:

“ಎಕ್ಸ್‌ಕ್ಯೂಸ್ ಅಸ್. ಮದರ್ಸ್ ರೈಸ್... ಕೆನಾಟ್ ಸ್ಲೀಪ್.”

“ಏನಂತೆ?” ಎಂದರು ಯಜಮಾನರು ನನ್ನ ಕಡೆ ತಿರುಗಿ.

“ಅವರತ್ತೆ ಗದ್ದೆಗೆ ನಿದ್ದೆ ಬರ್ತಿಲ್ವಂತೆ.”

“ಗದ್ದೆಗಾ? ಸರಿಯಾಗಿ ಕೇಳಿಸ್ಕೊಂಡ್ಯಾ?”

ಸರಿಯಾಗಿಯೇ ಕೇಳಿಸಿಕೊಂಡಿದ್ದೆ. ನಮ್ಮನ್ನು ಗದ್ದೆಯ ಬದುವಿಗೆ ಕರೆದುಕೊಂಡು ಹೋದರು. ಇಡೀ ಗದ್ದೆ ತೆನೆ ಬಿಟ್ಟು ತಲೆ ಬಾಗಿಸಿತ್ತು. ಕಂಬದ ಕೆಳಗಿನ ಮೂಲೆಯಲ್ಲಿ ಮಾತ್ರ ಪೈರು ಕಡುಹಸಿರಾಗಿ ನೆಟ್ಟಗೆ ನಿಂತಿ‌ತ್ತು, ಒಂದು ತೆನೆಯಿಲ್ಲ. ದೀಪದ ಬೆಳಕು ಬೀಳುತ್ತಿದ್ದಷ್ಟು ಜಾಗ, ಕೈವಾರ ಇಟ್ಟು ಗೆರೆ ಎಳೆದ ಹಾಗೆ.

ಯೋಕೊ ಬಿಡಿಸಿ ಹೇಳಿದಳು. ರಾತ್ರಿ ಉದ್ದವಾಗುತ್ತ ಹೋದಂತೆ ಕೆಲವು ಬೆಳೆಗಳಿಗೆ ತೆನೆ ಬಿಡುವ, ಹೂವು ಬಿಡುವ ಕಾಲ ಬಂತು ಎಂದು ತಿಳಿಯುತ್ತದಂತೆ. ಲೈಟು ಉರಿಯುತ್ತಿದ್ದರೆ ಅವಕ್ಕೆ ರಾತ್ರಿಯೇ ಆಗುವುದಿಲ್ಲ, ಇನ್ನೂ ಬೇಸಿಗೆಯೇ ಎಂದುಕೊಂಡು ಬೆಳೆಯುತ್ತಲೇ ಇರುತ್ತವೆ. ಅದಕ್ಕೇ ಅಲ್ಲಿ ಓಣಿಯವರೂ ಟೌನ್ ಆಫೀಸಿನವರೂ ಕೂಡಿ, ತೆನೆ ಬರುವವರೆಗೆ ಗದ್ದೆಯಂಚಿನ ದೀಪ ಆರಿಸಿಡುವ ಒಪ್ಪಂದ ಮಾಡಿಕೊಂಡಿದ್ದರು. ನಾವು ಮಲಗಿದ್ದು ಖಾತ್ರಿಯಾದ ಮೇಲೆ ಮೋರಿ ಅಜ್ಜಿ ದಿನವೂ ಬಂದು ಸ್ವಿಚ್ಚು ಆರಿಸಿ ಹೋಗುತ್ತಿದ್ದರಂತೆ. ಆಟೋಮ್ಯಾಟಿಕ್ ಮೆಷಿನ್ನು ಅವರೇ. ಆದರೂ ಮುಸ್ಸಂಜೆಯಿಂದ ನಾವು ಮಲಗುವವರೆಗಿನ ಬೆಳಕೇ ಆ ಮೂಲೆಯ ನಿದ್ದೆ ಕೆಡಿಸಲು ಸಾಕಾಗಿತ್ತು. ನಮಗೆ ಹೇಳೋಣವೆಂದು ಬಂದಾಗಲೆಲ್ಲ ಬಾಯಿ ಬಾರದೆ ಬದನೆಕಾಯಿ ಕೊಟ್ಟು ಹೋಗಿದ್ದರು.

ಯಜಮಾನರು ಕೆಂಪಗಾದರು. ಅಲ್ಲಿಯವರೆಗೆ ಸರಿಯಾಗಿ ಬಗ್ಗಲು ಬಾರದ ಮನುಷ್ಯ ಅವತ್ತು ಎಷ್ಟು ಬಗ್ಗಿದರೆಂದರೆ ಜೇಬಿನ ಪೆನ್ನು ಗದ್ದೆಗೆ ಬಿತ್ತು. ಮೋರಿ ಅಜ್ಜಿ ಚಿನ್ನದ ಹಲ್ಲು ತೋರಿಸಿ ನಕ್ಕು ಏನೋ ಹೇಳಿದರು.

“ಆ ಮೂಲೆಯನ್ನು ತಡವಾಗಿ, ತೆನೆ ಬಂದ ಮೇಲೆ ಕೊಯ್ಯುತ್ತಾರಂತೆ,” ಎಂದಳು ಯೋಕೊ. “ಬದನೆಕಾಯಿ ಖರ್ಚಾಗಿದ್ದು ಅವರಿಗೆ ಸಂತೋಷವಂತೆ. ಈ ವರ್ಷ ವಿಪರೀತ ಬಿಟ್ಟಿತ್ತಂತೆ.”

ಯಜಮಾನರು ನಗಲಿಲ್ಲ. ಕೆಸರು ಮೆತ್ತಿದ ಪೆನ್ನು ಹಿಡಿದುಕೊಂಡು ಆ ಹಸಿರು ಮೂಲೆಯನ್ನೇ ನೋಡುತ್ತ ನಿಂತಿದ್ದರು. ನಾನೂ ನೋಡುತ್ತಿದ್ದೆ. ನೆನಪಿಗೆ ಬಂದದ್ದು ಸೊಂಪಾದ ಗಿಡ, ಅಂಗೈ ಅಗಲದ ಎಲೆ, ಬದುವಿನ ಮೇಲೆ ಕಂಬ.

“ಸುಶಿ, ಅಕ್ಕನ ಹೊಲ,” ಎಂದರು.

“ಹೌದ್ರೀ,” ಎಂದೆ.

ಅಕ್ಕನಿಗೆ ಕಾಗದ ಹಾಕೋಣವೆಂದರೆ ಓದಿ ಹೇಳುವವನು ಹೊನ್ನಪ್ಪನೇ. ನಿದ್ದೆ ಬಾರದ ಗದ್ದೆಯ ಕಥೆ ಕಾಗದದಲ್ಲಿ ಬಂದರೆ ಇಡೀ ಊರು ನಕ್ಕೀತು. “ನಾನೇ ಹೋಗಿ ಹೇಳ್ತೀನಿ,” ಎಂದರು ಯಜಮಾನರು.

ನಡೆಯುವ ಮೀಟಿಂಗ್

ಆಮೇಲೆ ಇವರಿಗೆ ವಾಚಿಗಿಂತ ಲೈಟಿನದೇ ಟ್ರೈನಿಂಗ್. ಯೋಕೊಳ ಕೈಯಲ್ಲಿ ಹೇಳಿಸಿ ಟೌನ್ ಆಫೀಸಿನವರನ್ನು ಭೇಟಿ ಮಾಡಿದರು. ನಮ್ಮಲ್ಲಿ ಹೊರದೇಶದವರು ಆಫೀಸಿಗೆ ಬಂದರೆ ಹಾರ ತರಿಸುತ್ತಾರೆ. ಇಲ್ಲಿ ಒಬ್ಬ ಆಫೀಸರು ಏಣಿ ಹೊತ್ತುಕೊಂಡು ಬಂದ.

ಅವರು ದೀಪದ ವಿಷಯ ತೀರ್ಮಾನಿಸುವುದು ರೂಮಿನೊಳಗೆ ಕೂತಲ್ಲ. ಮುಸ್ಸಂಜೆ ಓಣಿಯವರೆಲ್ಲ ಸೇರಿ ಆಫೀಸರ ಜೊತೆ ನಡೆಯುತ್ತಾರೆ. ನಾವೂ ನಡೆದೆವು. ಸ್ಕೂಲು ಹುಡುಗಿಯರು ಸೈಕಲ್ಲಿನಲ್ಲಿ ಬರುವ ತಿರುವಿನಲ್ಲಿ ಬೆಳಕು ಬೇಕೇಬೇಕು ಎಂದರು ತಾಯಂದಿರು. ಅಲ್ಲಿ ಗದ್ದೆಯ ಕಡೆಗೆ ಮಾತ್ರ ತಗಡಿನ ಮರೆ ಬಂತು. ಒಬ್ಬ ತಾತ ತನ್ನ ಮಲಗುವ ಕೋಣೆಗೆ ದೀಪ ಇಣುಕುತ್ತದೆ ಎಂದರು. ಅದಕ್ಕೂ ಒಂದು ಮರೆ. ಯಾರೂ ನಡೆಯದ ಕಾಲುವೆ ದಂಡೆಯ ದೀಪ ಯಾರಿಗೆ ಬೇಕು ಎಂದು ಆಫೀಸರು ಕೇಳಿದ. ಯಾರೂ ಕೈಯೆತ್ತಲಿಲ್ಲ. ಅದನ್ನು ಆರಿಸಿದರು. ಬೆಟ್ಟದ ಮೇಲೆ ನಕ್ಷತ್ರ ನೋಡಲು ಜನ ಬರುವ ಜಾಗವೊಂದಿತ್ತು. ಅಲ್ಲಿ ದೀಪಗಳು ಮೊಣಕಾಲೆತ್ತರಕ್ಕೆ ಕೂತು ದಾರಿಯನ್ನಷ್ಟೇ ತೋರಿಸುತ್ತಿದ್ದವು.

ನನಗೆ ಆಶ್ಚರ್ಯವಾದದ್ದು ಒಂದು. ಮರೆ ಹಾಕಿದ ಮೇಲೆ ದಾರಿ ಇನ್ನೂ ಚೆನ್ನಾಗಿ ಕಂಡಿತು. ಮುಂಚೆ ಬಲ್ಬು ಕಣ್ಣಿಗೆ ಕುಕ್ಕಿ ಎದುರಿಗೆ ಬರುವವರ ಮುಖ ಕಾಣುತ್ತಿರಲಿಲ್ಲ. ಈಗ ಮುಖ ಕಾಣುತ್ತಿತ್ತು, ನೆಲ ಕಾಣುತ್ತಿತ್ತು.

ವಾಪಸು ಬರುವಾಗ ನಮ್ಮ ಓಣಿ ಕತ್ತಲಾಗಿತ್ತು. ಯಜಮಾನರು ಸ್ವಿಚ್ಚಿನ ಕಡೆ ಕೈ ಚಾಚಿ, ತಮ್ಮ ಕೈಯನ್ನು ತಾವೇ ಹೊಡೆದುಕೊಂಡರು. ತಲೆ ಎತ್ತಿದರೆ ಬೆಟ್ಟದಿಂದ ಬೆಟ್ಟಕ್ಕೆ ಆಕಾಶಗಂಗೆ. ಗುಬ್ಬಿಯಲ್ಲಿ ಹುಡುಗನಾಗಿದ್ದಾಗ ಅಂಗಳದಲ್ಲಿ ಮಲಗಿ ನೋಡುತ್ತಿದ್ದುದನ್ನು ಅವರು ಹೇಳಿದರು. ಈಗ ನಾನು ತುಮಕೂರಿನ ಟೆರೇಸಿನ ಮೇಲೆ ನಿಂತು ಹುಡುಕುತ್ತೇನೆ. ಒಂದೆರಡು ಸಿಗುತ್ತವೆ, ಮಿಕ್ಕವು ಇಲ್ಲ. ಹುಡುಕುತ್ತ ಪಕ್ಕಕ್ಕೆ ತಿರುಗಿದರೆ ಅವರೂ ಇಲ್ಲ. ವೆಲ್.

ಕುಣಿಗಲ್ಲಿಗೆ ಮರಳಿ

ಅಕ್ಟೋಬರಿನಲ್ಲಿ ಊರಿಗೆ ಬಂದೆವು. ಯಜಮಾನರು ತುಮಕೂರಿನಲ್ಲಿ ತಗಡಿನ ಕೆಲಸದವನ ಪಕ್ಕದಲ್ಲೇ ಕೂತು ಎಣ್ಣೆ ಡಬ್ಬ ಕತ್ತರಿಸಿ ಒಂದು ಮರೆ ಮಾಡಿಸಿದರು. ಅದಕ್ಕೆ ಕಪ್ಪು ಬಣ್ಣ ಬಳಿದು, ಪೇಪರಿನಲ್ಲಿ ಸುತ್ತಿ, ಕುಣಿಗಲ್ ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೋದೆವು.

ಜಯಕ್ಕನ ತಾಕು ಹೋದ ವರ್ಷದ ಹಾಗೆಯೇ ಸೊಂಪಾಗಿತ್ತು. ಅವರು ಬದುವಿನ ಮೇಲೆ ನಿಂತು ನಮ್ಮನ್ನು ನೋಡಿ ನಕ್ಕರೂ ಕಣ್ಣು ನಗಲಿಲ್ಲ. ಯಜಮಾನರು ಎಲ್ಲವನ್ನೂ ಹೇಳಿದರು. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

“ಗಿಡಕ್ಕೆ ನಿದ್ದೆ ಬೇಕಾ,” ಎಂದರು. “ಬೇಕಾಗಬೌದು. ಆ ಲೈಟು ಬಂದಾಗ್ನಿಂದ ನಂಗೇ ಬರಾಕಿಲ್ಲ.”

ಪಂಚಾಯ್ತಿ ಛೇರ್ಮನ್ನರು ಒಪ್ಪುವುದು ಅಷ್ಟು ಸುಲಭವಾಗಿರಲಿಲ್ಲ. ಆ ಲೈಟಿಗಾಗಿ ಆಫೀಸುಗಳಿಗೆ ಅಲೆದವರು ಅವರು, ತೆಂಗಿನಕಾಯಿ ಒಡೆದು ಸ್ವಿಚ್ಚು ಒತ್ತಿದವರೂ ಅವರೇ.

“ಊರಿಗೆ ಬೆಳಕು ತಂದೋನು ಅಂತ ನನ್ ಹೆಸ್ರು ಸ್ವಾಮಿ. ನೀವು ಜಪಾನಿಂದ ಬಂದು ಊರಿಗೆ ಕತ್ಲು ತರ್ತೀನಿ ಅಂತೀರಲ್ಲ.”

ಯಜಮಾನರು ಚಿತ್ರ ಬರೆದು ತೋರಿಸಿದರು. ಛೇರ್ಮನ್ನರು ಚಿತ್ರವನ್ನು ತಲೆಕೆಳಗೆ ಹಿಡಿದು ನೋಡಿದರು. ಹೊನ್ನಪ್ಪ ಪಕ್ಕದಲ್ಲಿ ಕೂತು, “ಕೈಗುಣ ಇಲ್ದಿದ್ರೆ ಲೈಟ್ ಏನ್ ಮಾಡ್ತದೆ ಭಾವ, ಪಾಪ,” ಎಂದ.

ಆಗ ನಾನು ನಡುವೆ ಬಾಯಿ ಹಾಕಿದೆ. “ಛೇರ್ಮನ್ನರೇ, ಕೂತು ಮಾತಾಡೋದು ಬೇಡ. ಸಂಜೆ ಒಂದ್ಸಲ ನಡೆದು ನೋಡೋಣ,” ಎಂದೆ. ಹೆಂಗಸು, ಅದೂ ಊರಿನ ನೆಂಟರ ಮನೆಯವಳು ಕೇಳಿದ್ದು. ಇಲ್ಲ ಎನ್ನಲು ಅವರಿಗೆ ದಾಕ್ಷಿಣ್ಯ.

ಡೈರಿಗೆ ಹಾಲು ಹಾಕಿ ಹೆಂಗಸರು ಹಿಂದಿರುಗುವ ಹೊತ್ತು. ಲೈಟು ಹತ್ತಿತ್ತು. ನಾನು ಛೇರ್ಮನ್ನರನ್ನು ದೂರದಲ್ಲಿ ನಿಲ್ಲಿಸಿ ಕೇಳಿದೆ, “ಕಂಬದ ಆಚೆ ನಿಂತಿರೋರು ಯಾರು ಹೇಳಿ.”

ಅವರು ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. “ಹೊನ್ನಪ್ಪನಾ?”

“ನಾನು ಕಣ್ರೀ,” ಎಂದರು ಅವರ ಹೆಂಡತಿ, ಕೈಯಲ್ಲಿ ಹಾಲಿನ ಕ್ಯಾನು. “ಇಷ್ಟು ವರ್ಷ ಸಂಸಾರ ಮಾಡಿ ಹೊನ್ನಪ್ಪ ಅಂತೀರಲ್ಲ.”

ಡೈರಿಯ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಯಜಮಾನರು ಕರೆಸಿದ್ದ ಆ ಊರಿನ ಲೈನ್‌ಮನ್ ಕಂಬ ಹತ್ತಿ ಹೊಲದ ಕಡೆಗೆ ಎಣ್ಣೆ ಡಬ್ಬದ ಮರೆ ಕಟ್ಟಿದ. ಬಲ್ಬು ಕಣ್ಣಿಗೆ ಬೀಳದ ಹಾಗೆ ಮೇಲೂ ಒಂದು ತಗಡು ಬಗ್ಗಿಸಿದ. ಹೊಲ ಕತ್ತಲಿಗೆ ಸರಿಯಿತು. ರಸ್ತೆಯಲ್ಲಿ ಕಲ್ಲು, ಗುಂಡಿ, ಸಗಣಿ ಎಲ್ಲ ಬಿಡಿಬಿಡಿಯಾಗಿ ಎದ್ದು ಕಂಡವು.

“ಈಗ ನೆಲ ಕಾಣ್ತದೆ,” ಎಂದರು ಛೇರ್ಮನ್ನರ ಹೆಂಡತಿ. “ಮೊದ್ಲು ಬರೀ ಲೈಟೇ ಕಾಣ್ತಿತ್ತು.”

ಮನೆಯಾಕೆಯೇ ಹೇಳಿದ ಮೇಲೆ ಛೇರ್ಮನ್ನರು ಒಂದು ಸುತ್ತು ಬಂದು ತಮ್ಮದೇ ಎಂಬಂತೆ ತೀರ್ಮಾನ ಕೊಟ್ಟರು. ಅವರೆ ಮುಗಿಯುವವರೆಗೆ ಮರೆ ಇರಲಿ. ಕುಣಿಗಲ್ಲಿನ ಕೊನೇ ಬಸ್ಸು ಬಂದು ಹೋದ ಮೇಲೆ ಲೈಟೂ ಆರಿಸಲಿ. “ಆಮೇಲೆ ಉರಿದ್ರೆ ನರಿಗೆ ದಾರಿ ತೋರ್ಸಕ್ಕಾ,” ಎಂದರು.

ಕಾಯಿ ಕಟ್ಟಿದಾಗ

ಚಳಿ ಬಿದ್ದ ಮೇಲೆ ಮತ್ತೆ ಹೋದೆವು. ಬಸ್ಸಿನಿಂದ ಇಳಿಯುವ ಮುಂಚೆಯೇ ಸೊಗಡು ಕಿಟಕಿಯೊಳಗೆ ಬಂತು. ಯಜಮಾನರು ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದು ಎಡವಿದರು. ಜಯಕ್ಕನ ತಾಕಿನ ತುಂಬ ಬಿಳಿ ಹೂವು, ಹೂವಿನ ಕೆಳಗೆ ಎಳೆ ಕಾಯಿ. ಎದುರು ಸಾಲಿನ ಹೊಲದವರು ಇಬ್ಬರು ಆಗಲೇ ಛೇರ್ಮನ್ನರ ಮನೆಗೆ ಹೋಗಿ ತಮ್ಮ ಕಂಬಕ್ಕೂ ಡಬ್ಬ ಕಟ್ಟಿಸಿ ಎಂದು ಕೇಳಿದ್ದರಂತೆ. ಮುಂದೆ ಊರಿಗೆ ಬರುವ ಲೈಟುಗಳಿಗೆಲ್ಲ ಮೊದಲೇ ಮರೆ ಇರಬೇಕು ಎಂದು ಪಂಚಾಯ್ತಿಯಲ್ಲಿ ಮಾತಾಯಿತಂತೆ. ಮರೆ ತಮ್ಮ ಐಡಿಯಾ ಎಂದು ಛೇರ್ಮನ್ನರು ಡೈರಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದರು. ಹೇಳಿಕೊಳ್ಳಲಿ, ವೈ ನಾಟ್.

ಜಯಕ್ಕ ಮಡಿಲ ತುಂಬ ಕಾಯಿ ಬಿಡಿಸಿಕೊಂಡು ಬದುವಿನ ಮೇಲೆ ಕೂತಿದ್ದರು. ಹೊನ್ನಪ್ಪ ಬಂದ. ಒಂದು ಕಾಯಿ ಕಿತ್ತು ಸುಲಿದ, ಕಾಳನ್ನು ಮೂಸಿ ನೋಡಿದ, ಬಾಯಿಗೆ ಹಾಕಿಕೊಂಡ. ನೇಗಿಲಿನ ಮಾತು ಎತ್ತಲಿಲ್ಲ. ಟವಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡು, ನೆಲ ನೋಡುತ್ತ ಹೇಳಿದ:

“ಅತ್ಗೆ, ನಿಮ್ ಕೈಗುಣ ತಿರುಗ್ ಬಂತು ಬುಡಿ. ನಾಳೆ ನಮ್ ಹಿತ್ಲಾಗೆ ಚಪ್ಪರದವರೆ ಹಾಕ್ಬೇಕು. ನೀವೇ ಬಂದು ಕಾಳು ಊರ್ಬೇಕು.”

ಯಜಮಾನರಿಗೆ ತಡೆಯಲಾಗಲಿಲ್ಲ. “ಕೈಗುಣ ಅಲ್ಲ ಹೊನ್ನಪ್ಪ, ಎಷ್ಟ್ ಸಲ ಹೇಳ್ಬೇಕು, ಅದು ಲೈಟು...”

“ನೀನ್ ಸುಮ್ಕಿರ್ಲಾ ಪುಟ್ಟ,” ಎಂದರು ಜಯಕ್ಕ.

ಎದ್ದು ನಿಂತು ಸೆರಗು ಕೊಡವಿದರು. ಅಂಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು. ಮೈದುನನ ಕಡೆ ತಿರುಗಿದಾಗ ಈ ಸಲ ಕಣ್ಣೂ ನಗುತ್ತಿತ್ತು.

“ಬರ್ತೀನಿ ಕಣಪ್ಪ,” ಎಂದರು. “ನೀನು ಮೊದ್ಲು ಹೋಗಿ ನಿಮ್ ಹಿತ್ಲು ಬಾಗ್ಲ ಬಲ್ಬು ಆರ್ಸು.”